ಕಾಣದ ಖರ್ಚಿನ ಲೆಕ್ಕ

ಹಾಲಿನ ಕೆನೆ ಕಡಿಮೆಯಾದರೆ ಬೆಕ್ಕಿನ ಮೇಲೆ, ಡಬ್ಬಿಯೊಳಗಿನ ಬೆಲ್ಲ ಕಡಿಮೆಯಾದರೆ ಮಕ್ಕಳ ಮೇಲೆ ಸಂಶಯಪಡುವುದು ನಮ್ಮ ಹಳೆಯ ಗೃಹನ್ಯಾಯ. ಆ ಪಟ್ಟಿಗೆ ಈಗ ಮೊಬೈಲಿನ ಡೇಟಾ ಎಂಬ ಹೊಸ ಪದಾರ್ಥವೊಂದು ಸೇರಿಕೊಂಡಿದೆ. ಬೆಳಿಗ್ಗೆ ತುಂಬಿದ್ದ ಪಾತ್ರೆ ಮಧ್ಯಾಹ್ನಕ್ಕೆ ಬರಿದಾಗಿರುತ್ತದೆ. ಬರಿದು ಮಾಡಿದವರು ಯಾರೆಂಬುದು ತಿಳಿಯದು. ಆದಕಾರಣ ಮನೆಯಲ್ಲಿ ಯಾರು ಎಲ್ಲರಿಗಿಂತ ಕಿರಿಯರೋ ಅವರೇ ಅಪರಾಧಿಗಳೆಂದು ತೀರ್ಮಾನವಾಗಿಬಿಡುತ್ತದೆ.

ಹಾವೇರಿ ಜಿಲ್ಲೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಈ ಅಂಕಣಕ್ಕೆ ಬರೆದ ಪತ್ರದ ಸಾರಾಂಶ ಹೀಗಿದೆ. ಅವರ ಮೊಬೈಲಿಗೆ ದಿನಕ್ಕೆ 1.5 ಜಿಬಿ ದೊರೆಯುವ ಪ್ಯಾಕ್ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ನೋಡುವಷ್ಟರಲ್ಲಿಯೇ ಆ ದಿನದ ಡೇಟಾದಲ್ಲಿ ಶೇಕಡ 50 ಮುಗಿದಿದೆಯೆಂಬ ಸಂದೇಶ ಬಂದಿರುತ್ತದೆ. ಮಧ್ಯಾಹ್ನದ ಊಟದ ವೇಳೆಗೆ ಉಳಿದುದೂ ಮುಗಿಯುತ್ತದೆ. ಪುಣೆಯಲ್ಲಿರುವ ಮಗಳು ರಾತ್ರಿ ಎಂಟಕ್ಕೆ ತನ್ನ ಕೂಸನ್ನು ತೋರಿಸಲು ವಿಡಿಯೊ ಕರೆ ಮಾಡಿದರೆ ಚಿತ್ರ ಕಲ್ಲಿನಂತೆ ನಿಂತುಬಿಡುತ್ತದೆ. ಅಜ್ಜಿ ಆ ಕೂಸಿನ ಮುಖ ಕಂಡು ಹನ್ನೆರಡು ದಿನಗಳಾದವಂತೆ. ಪಿಯುಸಿ ಓದುತ್ತಿರುವ ಮೊಮ್ಮಗ ಸಂಜೆ ಅಜ್ಜನ ಮೊಬೈಲಿನಿಂದ ಹಾಟ್‌ಸ್ಪಾಟ್ ಪಡೆದು ಪಾಠಗಳನ್ನು ನೋಡುತ್ತಿದ್ದನು. ಸಂಶಯ ಅವನ ಮೇಲೆ ಬಿದ್ದು, ಆ ಸೌಕರ್ಯವನ್ನು ನಿಲ್ಲಿಸಲಾಗಿದೆ. ‘ನಾನಲ್ಲ ಅಜ್ಜಾ’ ಎಂದು ಹುಡುಗ ಹೇಳಿದರೆ ನಂಬುವವರಿಲ್ಲ. ಹುಡುಗನ ತಂದೆಯಾದರೋ ಕಂಪನಿಯವರೇ ಕದಿಯುತ್ತಿದ್ದಾರೆ ಎನ್ನುತ್ತಾರೆ. ಇವರಲ್ಲಿ ಯಾರ ಮಾತು ನಿಜವೆಂಬುದು ಪತ್ರದ ಪ್ರಶ್ನೆ.

ಇಂತಹ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬೇಕಾದ ಅಗತ್ಯವಿಲ್ಲ. ಯಾವ ಆ್ಯಪ್ ಎಷ್ಟು ಡೇಟಾ ಬಳಸಿತೆಂಬ ಲೆಕ್ಕವನ್ನು ಮೊಬೈಲು ತಾನೇ ಬರೆದಿಟ್ಟುಕೊಂಡಿರುತ್ತದೆ. ಆ ಪುಟವನ್ನು ತೆರೆದು ನೋಡುವ ಮೊದಲೇ ನಾವು ತೀರ್ಪು ಕೊಡುತ್ತೇವೆ ಎಂಬುದೇ ಇಲ್ಲಿನ ತೊಡಕು.

ಮೊದಲು ಪದದ ವಿಚಾರ. ಡೇಟಾ ಎಂಬ ಇಂಗ್ಲಿಷ್ ಮಾತು ಲ್ಯಾಟಿನ್ನಿನಿಂದ ಬಂದುದು. ‘ಕೊಟ್ಟವುಗಳು’ ಎಂಬುದು ಅದರ ಅರ್ಥ. ಸಂಸ್ಕೃತದ ‘ದಾ’ ಧಾತುವೂ ಲ್ಯಾಟಿನ್ನಿನ ಆ ಧಾತುವೂ ಒಂದೇ ಮೂಲದವು. ಆದ್ದರಿಂದ ನಮ್ಮ ‘ದತ್ತ’ ಅದಕ್ಕೆ ಸೋದರ ಶಬ್ದ. ಕನ್ನಡದಲ್ಲಿ ‘ದತ್ತಾಂಶ’ವೆಂದು ಬಳಕೆಗೆ ಬಂದಿರುವುದು ಉಚಿತವಾಗಿಯೇ ಇದೆ. ಆದರೆ ರೀಚಾರ್ಜ್ ಅಂಗಡಿಯಲ್ಲಿ ದತ್ತಾಂಶ ಕೇಳಿದರೆ ಅಂಗಡಿಯವನು ಮುಖ ನೋಡಿಯಾನು. ಆದ್ದರಿಂದ ಇಲ್ಲಿ ಡೇಟಾ ಎಂದೇ ಬರೆಯುತ್ತೇನೆ. ಒಂದು ಜಿಬಿ ಎಂದರೆ ಸ್ಥೂಲವಾಗಿ ಒಂದು ಸಾವಿರ ಎಂಬಿ ಎಂದು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕಕ್ಕೆ ಸಾಕು.

2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭವಾಗುವುದಕ್ಕೆ ಮೊದಲು ನಮ್ಮಲ್ಲಿ ಡೇಟಾ ದುಬಾರಿಯ ಪದಾರ್ಥವಾಗಿತ್ತು. ಜನ ಎಂಬಿ ಎಂಬಿಯಾಗಿ ಎಣಿಸಿ ಬಳಸುತ್ತಿದ್ದರು. ಬಳಿಕ ದಿನಕ್ಕಿಷ್ಟು ಜಿಬಿ ಎಂಬ ಪದ್ಧತಿ ಬಂದು, ಎಣಿಸುವ ಅಭ್ಯಾಸ ತಪ್ಪಿತು. ಈ ಪದ್ಧತಿಯಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ದಿನದ ಪಾಲು ಮುಗಿದ ಮೇಲೆ ಸಂಪರ್ಕ ಪೂರ್ತಿ ಕಡಿದುಹೋಗುವುದಿಲ್ಲ, ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 200 ಕೆಬಿ ತೂಕದ ಒಂದು ಫೋಟೊ ಬರಲು ಇಪ್ಪತ್ತೈದು ಸೆಕೆಂಡು ಬೇಕು. ವಿಡಿಯೊ ಕರೆಯ ಮಾತಂತೂ ದೂರ. ಔಷಧದಂಗಡಿಯ ಮುಂದೆ ನಿಂತು ಫೋನ್‌ಪೇ ಮಾಡಲು ಹೋದರೆ ಚಕ್ರ ತಿರುಗುತ್ತಲೇ ಇರುತ್ತದೆ. ಎರಡನೆಯದು, ದಿನದ ಹೊಸ ಲೆಕ್ಕ ಆರಂಭವಾಗುವುದು ಸೂರ್ಯೋದಯಕ್ಕಲ್ಲ, ನಡುರಾತ್ರಿ ಹನ್ನೆರಡಕ್ಕೆ. ಮುಖ್ಯೋಪಾಧ್ಯಾಯರ ಸಮಸ್ಯೆಯ ಬೀಗದ ಕೈ ಈ ಎರಡನೆಯ ಸಂಗತಿಯಲ್ಲಿಯೇ ಇತ್ತು.

ಅವರಿಗೆ ನಾನು ಸೂಚಿಸಿದ ಕ್ರಮ ಬಹು ಸರಳವಾದುದು. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಮತ್ತು ಇಂಟರ್ನೆಟ್’ ಎಂದೋ ‘ಕನೆಕ್ಷನ್ಸ್’ ಎಂದೋ ಒಂದು ವಿಭಾಗವಿರುತ್ತದೆ. ಅದರೊಳಗೆ ‘ಡೇಟಾ ಯೂಸೇಜ್’ ಎಂಬುದನ್ನು ತೆರೆದರೆ, ಹೆಚ್ಚು ಬಳಸಿದ ಆ್ಯಪ್ ಮೇಲೆ, ಕಡಿಮೆ ಬಳಸಿದ್ದು ಕೆಳಗೆ, ಹೀಗೆ ಒಂದು ಪಟ್ಟಿ ಕಾಣುತ್ತದೆ. ಅದು ಸಾಮಾನ್ಯವಾಗಿ ತಿಂಗಳ ಲೆಕ್ಕ. ಇಂದಿನದೇನೆಂದು ಅದರಿಂದ ನೇರವಾಗಿ ತಿಳಿಯದು. ಆದುದರಿಂದ ರಾತ್ರಿ ಮಲಗುವಾಗ ಮೇಲಿನ ಐದು ಹೆಸರುಗಳನ್ನೂ ಅವುಗಳ ಮುಂದಿನ ಅಂಕೆಗಳನ್ನೂ ಒಂದು ಕಾಗದದಲ್ಲಿ ಬರೆದಿಡಬೇಕು. ಬೆಳಿಗ್ಗೆ ಎದ್ದೊಡನೆ, ಬೇರೇನನ್ನೂ ಮುಟ್ಟದೆ, ಮತ್ತೊಮ್ಮೆ ಬರೆಯಬೇಕು. ಕರೆಂಟಿನ ಮೀಟರ್ ಓದುವವನು ಮಾಡುವುದೂ ಇಷ್ಟೆ. ಎರಡು ಅಂಕೆಗಳ ವ್ಯತ್ಯಾಸವೇ ರಾತ್ರಿಯ ಖರ್ಚು. ಐಫೋನಿನವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಅದರ ‘ಮೊಬೈಲ್ ಡೇಟಾ’ ಪುಟದಲ್ಲಿ ಕಾಣುವ ‘ಕರೆಂಟ್ ಪೀರಿಯಡ್’ ಎಂಬುದು ತಾನಾಗಿ ತಿಂಗಳಿಗೊಮ್ಮೆ ಸೊನ್ನೆಗೆ ಬರುವುದಿಲ್ಲ. ಪುಟದ ಕೊನೆಯಲ್ಲಿರುವ ‘ರೀಸೆಟ್’ ಒತ್ತುವವರೆಗೆ ವರ್ಷಗಟ್ಟಲೆಯ ಲೆಕ್ಕ ಅಲ್ಲಿಯೇ ಬೆಳೆಯುತ್ತಿರುತ್ತದೆ. ಅದನ್ನು ಈ ತಿಂಗಳದೆಂದು ಓದಿ ಗಾಬರಿಯಾದವರಿದ್ದಾರೆ.

ಮುಖ್ಯೋಪಾಧ್ಯಾಯರು ಶಿಸ್ತಿನ ಮನುಷ್ಯರು. ಮೂರು ರಾತ್ರಿಯ ಅಂಕೆಗಳನ್ನು ಗೆರೆ ಎಳೆದು ಬರೆದು ಕಳುಹಿಸಿದರು. ಮೊದಲ ರಾತ್ರಿ ಹತ್ತೂಕಾಲಕ್ಕೆ ಯೂಟ್ಯೂಬಿನ ಮುಂದೆ 21.40 ಜಿಬಿ ಇದ್ದುದು ಬೆಳಿಗ್ಗೆ ಐದಕ್ಕೆ 22.95 ಆಗಿತ್ತು. ಹಾಟ್‌ಸ್ಪಾಟಿನ ಸಾಲು ಕದಲಿರಲಿಲ್ಲ. ಒಂದೂವರೆ ಜಿಬಿಗೂ ಮಿಕ್ಕ ಈ ಖರ್ಚಿನಲ್ಲಿ ಒಂದು ಭಾಗ ಹಿಂದಿನ ದಿನದ ಲೆಕ್ಕಕ್ಕೂ, ಹನ್ನೆರಡರ ನಂತರದ ಭಾಗ ಹೊಸ ದಿನದ ಲೆಕ್ಕಕ್ಕೂ ಬಿದ್ದಿತ್ತು. ಸಂಗತಿ ಇಷ್ಟು: ದಂಪತಿಗಳಿಗೆ ಮಲಗುವಾಗ ಪ್ರವಚನ ಕೇಳುವ ಅಭ್ಯಾಸ. ಪ್ರವಚನ ಹಚ್ಚಿ, ಮೊಬೈಲನ್ನು ದಿಂಬಿನ ಪಕ್ಕದಲ್ಲಿ ಬೋರಲು ಹಾಕಿ, ಕೇಳುತ್ತ ಕೇಳುತ್ತ ನಿದ್ರೆ ಹೋಗುತ್ತಿದ್ದರು. ಒಂದು ಪ್ರವಚನ ಮುಗಿದರೆ ‘ಆಟೋಪ್ಲೇ’ ಎಂಬ ವ್ಯವಸ್ಥೆ ಮತ್ತೊಂದನ್ನು ತಾನೇ ಆರಂಭಿಸುತ್ತದೆ. ಕೇಳುವವರು ಮಲಗಿದ್ದರೂ ಪ್ರವಚನ ಎಚ್ಚರವಾಗಿತ್ತು. ಬೆಳಗಿನ ಸಂದೇಶದ ರಹಸ್ಯವೂ ಇದೇ. ಮೊಮ್ಮಗನ ಹಾಟ್‌ಸ್ಪಾಟ್ ಅಂದೇ ಮರಳಿ ದೊರೆಯಿತೆಂದೂ, ಅಜ್ಜ ಅವನನ್ನು ಕರೆದು ಆ ಕಾಗದವನ್ನು ತೋರಿಸಿದರೆಂದೂ ಮರುಪತ್ರದಲ್ಲಿದೆ.

ಈ ಪ್ರಸಂಗದಲ್ಲಿ ಕಲಿಯತಕ್ಕದ್ದು ಇನ್ನೂ ಇದೆ. ನಮ್ಮ ಹಿರಿಯರಲ್ಲಿ ಬಹುಮಂದಿ ಯೂಟ್ಯೂಬನ್ನು ನೋಡುವುದಿಲ್ಲ, ಕೇಳುತ್ತಾರೆ. ಆದರೆ ಕೇಳುವವರಿಗೂ ಅದು ಚಿತ್ರವನ್ನು ಕಳುಹಿಸುತ್ತಲೇ ಇರುತ್ತದೆ. ಬರಿಯ ಧ್ವನಿಗೆ, 128 ಕೆಬಿಪಿಎಸ್‌ನ ಒಳ್ಳೆಯ ಗುಣಮಟ್ಟದಲ್ಲಿಯೂ, ಗಂಟೆಗೆ ಅರವತ್ತು ಎಂಬಿಯೊಳಗೆ ಸಾಕು. ಅದೇ ಪ್ರವಚನ 480ರ ಚಿತ್ರದೊಡನೆ ಬಂದರೆ ಗಂಟೆಗೆ ಸುಮಾರು ಅರ್ಧ ಜಿಬಿ ಬೇಕು. 720ರ ಚಿತ್ರವಾದರೆ ಒಂದು ಜಿಬಿಯನ್ನೂ ಮೀರಬಹುದು. ಬೋರಲು ಬಿದ್ದ ಪರದೆಯ ಮೇಲೆ ಸ್ವಾಮಿಗಳ ಮುಖ ಸ್ಫುಟವಾಗಿ ಮೂಡುವುದಕ್ಕಾಗಿ ಹತ್ತು ಪಟ್ಟು ವೆಚ್ಚ! ಕೇಳುವುದಷ್ಟೇ ಉದ್ದೇಶವಾದರೆ ವಿಡಿಯೊದ ಮೇಲಿರುವ ಹಲ್ಲಿನ ಚಕ್ರದ ಗುರುತನ್ನು ಒತ್ತಿ, ಗುಣಮಟ್ಟವನ್ನು 144ಕ್ಕೆ ಇಳಿಸಿಕೊಳ್ಳಬಹುದು. ಆಗ ಗಂಟೆಗೆ ನೂರು ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಆಟೋಪ್ಲೇಯನ್ನು ನಿಲ್ಲಿಸುವ ಗುಂಡಿಯೂ ಉಂಟು. ಇಷ್ಟು ಹೊತ್ತಿನ ನಂತರ ತಾನೇ ನಿಲ್ಲುವಂತೆ ಮಾಡುವ ‘ಸ್ಲೀಪ್ ಟೈಮರ್’ 2024ರ ಅಕ್ಟೋಬರಿನಿಂದ ಹಣ ಕೊಡದ ಬಳಕೆದಾರರಿಗೂ ದೊರೆತಿದೆ. ಇವೆಲ್ಲ ಬೇಡವೆನ್ನುವವರಿಗೆ ಆಕಾಶವಾಣಿ ಇದ್ದೇ ಇದೆ. ರೇಡಿಯೊ ಪೆಟ್ಟಿಗೆಗೆ ಡೇಟಾದ ಹಂಗಿಲ್ಲ.

ಚಲನಚಿತ್ರಗಳ ಆ್ಯಪ್‌ಗಳೂ ಇದೇ ಜಾತಿಗೆ ಸೇರಿದವು. ನೆಟ್‌ಫ್ಲಿಕ್ಸ್ ತಾನೇ ಪ್ರಕಟಿಸಿರುವ ಲೆಕ್ಕದಂತೆ, ಮೊಬೈಲ್ ಡೇಟಾದಲ್ಲಿ ‘ಸೇವ್ ಡೇಟಾ’ ಎಂದಿಟ್ಟರೆ ಒಂದು ಜಿಬಿಗೆ ಸುಮಾರು ಆರು ಗಂಟೆ ನೋಡಬಹುದು. ‘ಮ್ಯಾಕ್ಸಿಮಮ್’ ಎಂದಿಟ್ಟರೆ ಇಪ್ಪತ್ತೇ ನಿಮಿಷಕ್ಕೆ ಒಂದು ಜಿಬಿಯೋ ಅದಕ್ಕಿಂತ ಹೆಚ್ಚೋ ಹೋಗಬಹುದು. ಚಿತ್ರವೂ ಅದೇ, ಮೊಬೈಲೂ ಅದೇ. ನಡುವಿನ ಅಂತರ ಒಂದು ಗುಂಡಿಯದು.

ಇನ್ನು ವಾಟ್ಸಾಪ್. ಮದುವೆ, ಗೃಹಪ್ರವೇಶ, ಊರು, ಓಣಿ, ಹಳೆಯ ವಿದ್ಯಾರ್ಥಿಗಳು ಎಂದು ಹತ್ತಾರು ಗುಂಪುಗಳಲ್ಲಿ ಇಲ್ಲದ ಗೃಹಸ್ಥ ಇಂದು ಅಪರೂಪ. ಒಂದೇ ಶುಭೋದಯದ ವಿಡಿಯೊ ಆರು ಗುಂಪುಗಳಿಂದ ಆರು ಸಲ ಬರುತ್ತದೆ. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಮತ್ತು ಡೇಟಾ’ ಎಂಬಲ್ಲಿ, ಮೊಬೈಲ್ ಡೇಟಾ ಬಳಸುವಾಗ ಯಾವುದು ತಾನಾಗಿ ಇಳಿಯಬೇಕೆಂದು ಕೇಳಿರುತ್ತದೆ. ಮೂಲದಲ್ಲಿ ಅಲ್ಲಿ ಫೋಟೊ ಮಾತ್ರ ಗುರುತಾಗಿರುತ್ತದೆ. ಯಾರೋ ಎಂದೋ ವಿಡಿಯೊಕ್ಕೂ ಗುರುತು ಹಾಕಿದ್ದರೆ ಅದನ್ನು ತೆಗೆಯಬೇಕು. ಅದೇ ಪುಟದಲ್ಲಿ ‘ಕರೆಗಳಿಗೆ ಕಡಿಮೆ ಡೇಟಾ’ ಎಂಬ ಅನುಕೂಲವೂ ಇದೆ. ಮಕ್ಕಳೊಡನೆ ದಿನವೂ ಮಾತನಾಡುವವರು ಅದನ್ನು ಬಳಸಿಕೊಳ್ಳಬಹುದು. ಮಾತುಕತೆಗಳ ಬ್ಯಾಕಪ್, ಫೋಟೊಗಳ ಬ್ಯಾಕಪ್, ಪ್ಲೇ ಸ್ಟೋರಿನ ಅಪ್‌ಡೇಟ್ ಈ ಮೂರನ್ನೂ ‘ವೈ-ಫೈ ಮಾತ್ರ’ ಎಂದಿಡುವುದು ಲೇಸು.

ಆದರೆ ಮನೆಗೆ ವೈ-ಫೈ ಹಾಕಿಸಿದ ಮೇಲೂ ಮೊಬೈಲ್ ಡೇಟಾ ಖರ್ಚಾಗುತ್ತಿದೆ ಎಂಬ ದೂರು ಹಲವರದು. ಅದು ಸುಳ್ಳೂ ಅಲ್ಲ. ನಮ್ಮ ಕಡೆಯ ಹಳೆಯ ಮನೆಗಳ ಗೋಡೆಗಳು ಎರಡು ಮೂರು ಮೊಳ ದಪ್ಪ. ಪಡಸಾಲೆಯಲ್ಲಿಟ್ಟ ವೈ-ಫೈ ಪೆಟ್ಟಿಗೆಯ ಶಕ್ತಿ ಅಡುಗೆಮನೆಯನ್ನು ಮುಟ್ಟುವಾಗ ಕ್ಷೀಣವಾಗಿರುತ್ತದೆ. ವೈ-ಫೈ ದುರ್ಬಲವಾದೊಡನೆ ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಹಾರುವ ಗುಣ ಇಂದಿನ ಮೊಬೈಲುಗಳಿಗಿದೆ. ಐಫೋನಿನಲ್ಲಿ ಇದರ ಹೆಸರು ‘ವೈ-ಫೈ ಅಸಿಸ್ಟ್’. 2015ರ ಸೆಪ್ಟೆಂಬರಿನಲ್ಲಿ ಐಓಎಸ್ 9ರೊಡನೆ ಬಂದಾಗ ಇದು ಮೊದಲಿನಿಂದಲೇ ಚಾಲನೆಯಲ್ಲಿತ್ತು. ಮರುತಿಂಗಳೇ ಕ್ಯಾಲಿಫೋರ್ನಿಯಾದಲ್ಲಿ ಆಪಲ್ ಕಂಪನಿಯ ಮೇಲೆ ದಾವೆ ಹೂಡಲಾಯಿತು. ಮೊಬೈಲ್ ಡೇಟಾ ಪುಟದ ಕೆಳತುದಿಯಲ್ಲಿ ಇದರ ಗುಂಡಿಯೂ, ಇದರಿಂದ ಎಷ್ಟು ಡೇಟಾ ಹೋಯಿತೆಂಬ ಅಂಕೆಯೂ ಕಾಣುತ್ತವೆ. ಆಂಡ್ರಾಯ್ಡಿನಲ್ಲಿ ಕಂಪನಿಗೊಂದು ಹೆಸರು. ವೈ-ಫೈ ಸೆಟ್ಟಿಂಗಿನೊಳಗೆ ‘ಮೊಬೈಲ್ ಡೇಟಾಕ್ಕೆ ಬದಲಾಯಿಸು’ ಎಂಬ ಅರ್ಥದ ಸಾಲನ್ನು ಹುಡುಕಿ ಆರಿಸಬೇಕು. ಎರಡು ಸಿಮ್ ಇರುವವರು, ಒಂದರ ಡೇಟಾ ಸೊರಗಿದಾಗ ಮತ್ತೊಂದಕ್ಕೆ ತಾನೇ ಹೋಗುವ ವ್ಯವಸ್ಥೆಯನ್ನೂ ಪರೀಕ್ಷಿಸತಕ್ಕದ್ದು.

ಹಾಟ್‌ಸ್ಪಾಟಿನ ವಿಷಯದಲ್ಲಿ ಹುಡುಗರಿಗಿಂತ ಕಂಪ್ಯೂಟರೇ ಹೆಚ್ಚಿನ ಅಪರಾಧಿ. ಲ್ಯಾಪ್‌ಟಾಪಿಗೆ ಅದೊಂದು ವೈ-ಫೈ ಅಷ್ಟೆ. ಅಜ್ಜನ 1.5 ಜಿಬಿಯ ಚಿಂತೆ ಅದಕ್ಕಿಲ್ಲ. ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸಿದರೆ ದೊಡ್ಡ ಅಪ್‌ಡೇಟ್‌ಗಳನ್ನು ತಡೆದುಕೊಳ್ಳುತ್ತದೆ.

ಈಗ ಮುಖ್ಯೋಪಾಧ್ಯಾಯರ ಮಗನ ಆಪಾದನೆಯನ್ನೂ ವಿಚಾರಿಸೋಣ. ಸುಮ್ಮನೆ ಮೇಜಿನ ಮೇಲಿಟ್ಟ ಮೊಬೈಲು ನಮಗರಿವಿಲ್ಲದೆ ಡೇಟಾ ಕಳುಹಿಸುತ್ತದೆಯೆ? ಕಳುಹಿಸುತ್ತದೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪ್ರಾಧ್ಯಾಪಕ ಡಗ್ಲಸ್ ಲೀತ್ 2021ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಕೆಲಸವಿಲ್ಲದೆ ಬಿದ್ದಿರುವಾಗಲೂ ಮೊಬೈಲು ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತನ್ನನ್ನು ರೂಪಿಸಿದ ಕಂಪನಿಯೊಡನೆ ಸಂಪರ್ಕ ಸಾಧಿಸುತ್ತದೆಂದೂ, ಗೂಗಲ್ ಮೊಬೈಲು ಹನ್ನೆರಡು ಗಂಟೆಗೆ ಸುಮಾರು ಒಂದು ಎಂಬಿ, ಐಫೋನು ಸುಮಾರು 52 ಕೆಬಿ ಕಳುಹಿಸುತ್ತದೆಂದೂ ಅವರ ವರದಿ. ಗೂಗಲ್ ಈ ಅಳತೆಯ ಕ್ರಮವನ್ನು ಒಪ್ಪಲಿಲ್ಲ. ಮುಂದೆ 2025ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಜ್ಯೂರಿಯೊಂದು, ಬಳಸದೆ ಇಟ್ಟ ಆಂಡ್ರಾಯ್ಡ್ ಮೊಬೈಲುಗಳಿಂದ ಅನುಮತಿಯಿಲ್ಲದೆ ಜನರ ಡೇಟಾ ಖರ್ಚು ಮಾಡಿದ್ದಕ್ಕಾಗಿ ಗೂಗಲ್ 31.46 ಕೋಟಿ ಡಾಲರ್ ಕೊಡಬೇಕೆಂದು ಹೇಳಿತು. ಆ ರಾಜ್ಯದ ಸುಮಾರು 1.4 ಕೋಟಿ ಬಳಕೆದಾರರ ಪರವಾಗಿ 2019ರಲ್ಲಿ ಹೂಡಿದ್ದ ದಾವೆ ಅದು. ಮೇಲ್ಮನವಿ ಸಲ್ಲಿಸುವುದಾಗಿ ಗೂಗಲ್ ಆಗ ತಿಳಿಸಿತು.

ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ಕೇಳದೆ ತೆಗೆದುಕೊಂಡದ್ದು ಚಿಟಿಕೆಯಷ್ಟಾದರೂ ಕೇಳದೆ ತೆಗೆದುಕೊಂಡದ್ದೇ. ಆ ಜ್ಯೂರಿಯ ನಿಲುವು ನನಗೆ ಸರಿಯೆನಿಸುತ್ತದೆ. ಆದರೆ ದಿನಕ್ಕೆ ಎರಡು ಎಂಬಿ ಎಂದರೆ 1.5 ಜಿಬಿಯಲ್ಲಿ ಏಳುನೂರೈವತ್ತರ ಒಂದು ಪಾಲು. ಮಗಳ ಕೂಸಿನ ಮುಖ ಕಾಣದಂತಾದುದು ಆ ಪಾಲಿನಿಂದಲ್ಲ. ಮಗನ ಸಿಟ್ಟಿನಲ್ಲಿ ನ್ಯಾಯವಿತ್ತು. ಅವರ ಮನೆಯ ಡೇಟಾಕ್ಕೆ ಮಾತ್ರ ಅದು ಉತ್ತರವಾಗಿರಲಿಲ್ಲ.

ಪಟ್ಟಿಯನ್ನು ನೋಡುವಾಗ ಇನ್ನೊಂದು ಸಂಗತಿಯತ್ತ ಕಣ್ಣಿರಬೇಕು. ಆ್ಯಪಿನ ಹೆಸರನ್ನು ಒತ್ತಿದರೆ ‘ಫೋರ್‌ಗ್ರೌಂಡ್’, ‘ಬ್ಯಾಕ್‌ಗ್ರೌಂಡ್’ ಎಂಬ ಎರಡು ಅಂಕೆಗಳು ಕಾಣುತ್ತವೆ. ಮೊದಲನೆಯದು ಆ್ಯಪ್ ಪರದೆಯ ಮೇಲೆ ತೆರೆದಿದ್ದಾಗಿನ ಖರ್ಚು, ಎರಡನೆಯದು ತೆರೆಯ ಮರೆಯ ಖರ್ಚು. ಬ್ಯಾಕ್‌ಗ್ರೌಂಡ್ ಅಂಕೆ ದೊಡ್ಡದಿದ್ದರೆ ಅಲ್ಲಿಯೇ ಅದನ್ನು ತಡೆಯುವ ಗುಂಡಿ ಇರುತ್ತದೆ. 2016ರ ಆಂಡ್ರಾಯ್ಡ್ 7ರಿಂದ ದೊರೆತಿರುವ ‘ಡೇಟಾ ಸೇವರ್’ ಎಲ್ಲ ಆ್ಯಪ್‌ಗಳಿಗೂ ಒಟ್ಟಾಗಿ ಈ ತಡೆ ಹಾಕುತ್ತದೆ. ಬೇಕಾದ ಒಂದೆರಡಕ್ಕೆ ವಿನಾಯಿತಿ ಕೊಡಬಹುದು. ಆದರೆ ಮನೆಯಲ್ಲಿ ಯಾರೂ ಹಾಕಿಕೊಳ್ಳದ, ಹೆಸರೇ ಕೇಳರಿಯದ ಆ್ಯಪೊಂದು ತೆರೆಯ ಮರೆಯಲ್ಲಿ ಡೇಟಾ ಬಳಸುತ್ತಿದೆಯೆಂದು ಕಂಡರೆ ಅದು ಡೇಟಾದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮದುವೆಯ ಕರೆಯೋಲೆಯೆಂಬ ವೇಷದಲ್ಲಿ ವಾಟ್ಸಾಪಿನ ಮೂಲಕ ಬರುವ ‘ಎಪಿಕೆ’ ಕಡತಗಳು ಬ್ಯಾಂಕಿನ ಸಂದೇಶಗಳನ್ನು ಕದ್ದೋದಿ ಖಾತೆ ಬರಿದು ಮಾಡಿದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿವೆ. ಅಂತಹ ಶಂಕೆ ಬಂದರೆ ಮೊಬೈಲ್ ಡೇಟಾವನ್ನೂ ವೈ-ಫೈಯನ್ನೂ ಆರಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು.

ಮೊಬೈಲಿನ ಲೆಕ್ಕಕ್ಕೂ ಕಂಪನಿಯ ಲೆಕ್ಕಕ್ಕೂ ಅಲ್ಪಸ್ವಲ್ಪ ಅಂತರವಿರುವುದು ಸಹಜ. ಎರಡೂ ಬೇರೆ ಬೇರೆ ಮೀಟರುಗಳು. ಅರ್ಧ ಜಿಬಿಯಷ್ಟು ಅಂತರ ದಿನವೂ ಕಂಡುಬಂದರೆ ಮಾತ್ರ ಸುಮ್ಮನಿರಬೇಕಾದ್ದಿಲ್ಲ. ಡೇಟಾ ಶೇಕಡ 50, 90, 100 ಮುಗಿದಾಗ ಗ್ರಾಹಕನಿಗೆ ತಿಳಿಸಬೇಕೆಂದು ಟ್ರಾಯ್ 2016ರಲ್ಲಿ ನಿಯಮ ಮಾಡಿದೆ. ಆ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡರೆ ವೇಳೆಯ ಸಾಕ್ಷ್ಯ ದೊರೆಯುತ್ತದೆ. ಕಾಗದದ ಮೇಲಿನ ತಮ್ಮ ಅಂಕೆಗಳೊಡನೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ಡಾಕೆಟ್ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಸಂಖ್ಯೆಯಿಲ್ಲದ ದೂರು ದೂರಲ್ಲ. ಅಲ್ಲಿ ಸಮಾಧಾನವಾಗದಿದ್ದರೆ ಮೂವತ್ತು ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದು ಮೂವತ್ತೊಂಬತ್ತು ದಿನಗಳಲ್ಲಿ ಇತ್ಯರ್ಥ ಮಾಡಬೇಕೆಂಬುದು 2012ರ ನಿಯಮ. ಟ್ರಾಯ್‌ಗೇ ನೇರವಾಗಿ ಬರೆಯುವವರುಂಟು. ಒಬ್ಬೊಬ್ಬರ ದೂರನ್ನು ಅದು ವಿಚಾರಣೆ ಮಾಡುವುದಿಲ್ಲ. ಗ್ರಾಹಕರ ನ್ಯಾಯಾಲಯದ ಬಾಗಿಲು ಮಾತ್ರ ತೆರೆದಿದೆ. ಮೊಬೈಲ್ ಸೇವೆಯ ದೂರುಗಳನ್ನು ಅಲ್ಲಿಗೆ ಒಯ್ಯಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿ 16ರಂದು ತೀರ್ಪಿತ್ತಿದೆ. ಅಲ್ಲಿಯೂ ಮೊದಲು ಕೇಳುವುದು ಆ ಡಾಕೆಟ್ ಸಂಖ್ಯೆ ಮತ್ತು ದಿನಾಂಕ ಹಾಕಿದ ಅಂಕೆಗಳನ್ನೇ. ಆದ್ದರಿಂದ ಆ ಕಾಗದವನ್ನು ರದ್ದಿಗೆ ಹಾಕದೆ ಪಂಚಾಂಗದ ನಡುವೆ ಇಟ್ಟಿರಿ.